ಎಣ್ಣೆ ಕುಡಿದ ಕಲ್ಲು

ಮೂವತ್ತೊಂದು ವರ್ಷದ ಸಂಸಾರದಲ್ಲಿ ಸಾಣೆಯಪ್ಪನ ಹೆಂಡತಿ ಒಂದೇ ಒಂದು ಸಲವೂ ಆ ಹಳ್ಳಕ್ಕೆ ಹೋಗಿರಲಿಲ್ಲ. ಹೋದದ್ದು ಅವನು ಸತ್ತ ನಾಲ್ಕು ತಿಂಗಳಿಗೆ.

ಕತ್ತರಿಗೆ ಸಾಣೆ ಹಿಡಿಯುವುದು ಅವನ ಕಸುಬು. ಅದಕ್ಕೇ ಆ ಹೆಸರು. ಅಂಗಡಿ ಎಂದರೆ ಅಂಗಡಿಯೂ ಅಲ್ಲ, ದರ್ಜಿಗಳ ಓಣಿಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗಿನ ಸಂದು. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಕಾಲಲ್ಲಿ ತುಳಿಯುವ ಚಕ್ರ, ಒಂದು ಬಕೆಟ್ ನೀರು, ಗೋಡೆಯ ಮೊಳೆಗಳಲ್ಲಿ ಕತ್ತರಿಗಳು. ಯಾವ ದರ್ಜಿಯ ಕತ್ತರಿಯೋ ಆ ದರ್ಜಿಯ ಅಂಗಡಿಯ ಬಟ್ಟೆಚೂರು ಅದರ ಹಿಡಿಗೆ ಕಟ್ಟಿರುತ್ತಿತ್ತು. ಅಕ್ಷರ ಬಾರದವನಿಗೆ ಅದೇ ಚೀಟಿ.

ಚಕ್ರಕ್ಕೆ ಯಾರು ಬೇಕಾದರೂ ಕತ್ತರಿ ಹಿಡಿದಾರು. ಅವನು ಹೆಸರು ಮಾಡಿದ್ದು ಆಮೇಲಿನ ಕೆಲಸಕ್ಕೆ. ಚಕ್ರದಿಂದ ಇಳಿಸಿದ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಗಲದ ಬೂದು ಕಲ್ಲೊಂದನ್ನು ನೀರಲ್ಲಿ ಅದ್ದಿ ಅಂಚಿಗೆ ಸವರುತ್ತಿದ್ದ. ಬಳಿಕ ಒದ್ದೆ ಬಟ್ಟೆ ಕತ್ತರಿಸಿ ನೋಡುತ್ತಿದ್ದ. ಒಣ ಬಟ್ಟೆಯನ್ನು ಮೊಂಡು ಕತ್ತರಿಯೂ ಕತ್ತರಿಸೀತು, ಒದ್ದೆಯದನ್ನು ಅಗಿಯುತ್ತದೆ. ನೂಲು ಎಳೆಯದೆ ಬಂತೋ, "ಎದ್ದಿದಾಳೆ" ಎಂದು ಕತ್ತರಿಯನ್ನು ಮೊಳೆಗೆ ಹಾಕುತ್ತಿದ್ದ.

ದರ್ಜಿಗಳು ರೇಗಿಸುತ್ತಿದ್ದರು. "ಮನೆಯವರನ್ನ ಎಬ್ಬಿಸೋದೂ ಹೀಗೇನಾ ಸಾಣೆಯಪ್ಪ?"

"ಅವಳಿಗೆ ಸಾಣೆ ಯಾಕಪ್ಪಾ? ನಾಲಿಗೆ ಅವಳಿಗಿಂತ ಮುಂಚೆ ಎದ್ದಿರುತ್ತೆ."

ಆ ಬೂದು ಕಲ್ಲು ಸಿಗುತ್ತಿದ್ದದ್ದು ದೂರದ ಒಂದು ಹಳ್ಳದಲ್ಲಿ. ಬಸ್ಸಿನಲ್ಲಿ ಎರಡು ಗಂಟೆ, ಇಳಿದ ಮೇಲೆ ಅರ್ಧ ಗಂಟೆ ನಡಿಗೆ. ವರ್ಷಕ್ಕೊಂದು ದಿನ, ನೀರು ಇಳಿದ ಮೇಲೆ, ಬೆಳಗ್ಗೆ ಹೋಗಿ ಸಂಜೆಗೆ ಬರುತ್ತಿದ್ದ. ಹಿಂದಿನ ದಿನ ತಪ್ಪದೆ ಕೇಳುತ್ತಿದ್ದ. "ಏ ಇವಳೇ, ನಾಳೆ ಬರ್ತೀಯಾ?"

"ಕಲ್ಲು ಹೆಕ್ಕೋಕೆ ಇಬ್ರು ಬೇಕಾ? ನಂಗೆ ಕೆಲಸ ಇದೆ."

ಒಂದು ವರ್ಷ ಮಗಳಿಗೆ ಜ್ವರ. ಒಂದು ವರ್ಷ ಅತ್ತೆಗೆ ಹುಷಾರಿರಲಿಲ್ಲ. ಉಳಿದ ವರ್ಷಗಳಲ್ಲಿ ಏನೂ ಇರಲಿಲ್ಲ. ಆಗಲೂ ಹೋಗಲಿಲ್ಲ. ಸಂಜೆ ಬಂದವನು ಊಟಕ್ಕೆ ಕೂತು, ಎಂಥ ಕಲ್ಲು ಆರಿಸಬೇಕು, ಯಾಕೆ ಆರಿಸಬೇಕು ಎಂದು ಹೇಳುತ್ತಿದ್ದ. ವರ್ಷವೂ ಅದೇ ಮಾತು. ಅವಳು ಬಡಿಸುತ್ತಾ ಹೂಂಗುಟ್ಟುತ್ತಿದ್ದಳು.

ಕಲ್ಲಿನ ಧೂಳು ಎದೆ ಸೇರಿ ಅವನು ಹಾಸಿಗೆ ಹಿಡಿದ. ಆಗ ಅವಳು ಸಂದಿಗೆ ಹೋಗಿ ಗುಡಿಸಿ ಒರೆಸಿದಳು. ತುಕ್ಕು ಹಿಡಿದೀತೆಂದು ಹೊಲಿಗೆ ಯಂತ್ರದ ಎಣ್ಣೆ ತಂದು ಚಕ್ರಕ್ಕೆ ಸವರಿದಳು, ಕತ್ತರಿಗಳಿಗೆ ಸವರಿದಳು, ಕೈಯಲ್ಲಿ ಉಳಿದದ್ದನ್ನು ಕಲ್ಲಿಗೂ ತಿಕ್ಕಿದಳು. ಕಲ್ಲು ಕರ್ರಗೆ ಹೊಳೆಯಿತು. ಚೆಂದ ಕಂಡಿತು. ಮನೆಗೆ ತಂದು ತೋರಿಸಿದಳು.

ಅವನು ಹೆಬ್ಬೆರಳಾಡಿಸಿ ನೋಡಿದ. "ಎಣ್ಣೆ ಹಚ್ಚಿದ್ಯಾ?"

"ಹೂಂ ರೀ, ತುಕ್ಕು ಹಿಡೀಬಾರ್ದು ಅಂತ."

"ಕಲ್ಲಿಗೆ ತುಕ್ಕಾ?" ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದ, "ಎಣ್ಣೆ ಕುಡಿದ ಕಲ್ಲು ಇನ್ನು ನೀರು ಮುಟ್ಟಲ್ಲ ಕಣೇ. ಕಬ್ಬಿಣ ಸುಮ್ನೆ ಜಾರುತ್ತೆ. ಹೋಗ್ಲಿ ಬಿಡು. ಹಳ್ಳಕ್ಕೆ ಹೋಗಿ ಇನ್ನೊಂದು ತರೋಣ. ಈ ಸಲ ಬರ್ತೀಯಾ?"

"ಮೊದಲು ಎದ್ದು ಕೂತ್ಕೊಳ್ಳಿ."

ಅವನು ಏಳಲಿಲ್ಲ.

ಮೊಳೆಯಲ್ಲಿ ಒಂದು ಕತ್ತರಿ ಉಳಿದಿತ್ತು. ಹಿಡಿಗೆ ನೀಲಿ ಚೂರು. ಚಕ್ರದ ಕೆಲಸ ಆಗಿತ್ತು, ಕಲ್ಲಿನ ಕೆಲಸ ಬಾಕಿ. "ಹಾಗೇ ಕೊಟ್ಬಿಡಿ ಅಕ್ಕ, ಬೇರೆ ಕಡೆ ಮಾಡಿಸ್ಕೋತೀನಿ" ಎಂದ ದರ್ಜಿ.

"ಅವರು ಹಿಡಿದ ಕೆಲಸ. ನಾನು ಮುಗಿಸಿ ಕೊಡ್ತೀನಿ" ಎಂದಳು. ಅವನ ಕೈ ಹೇಗೆ ಓಡುತ್ತಿತ್ತೆಂದು ಸಾವಿರ ಸಲ ನೋಡಿದ್ದಳು. ಕಲ್ಲೊಂದು ಬೇಕಿತ್ತು. ತಾನು ಕೆಡಿಸಿದ್ದರ ಬದಲಿಗೆ ತಾನೇ ತರಬೇಕಿತ್ತು.

ನಾದಿನಿಯೂ ಜೊತೆಗೆ ಹೊರಟಳು. ಬಸ್ಸಿನಲ್ಲಿ, "ಅಣ್ಣ ಅಲ್ಲೊಂದು ಸಂಸಾರ ಇಟ್ಟಿದ್ರೆ ಏನ್ಮಾಡ್ತೀರ ಅತ್ತಿಗೆ?" ಎಂದಳು.

"ಕಲ್ಲು ಎಲ್ಲಿದೆ ಅಂತ ಅವಳನ್ನೇ ಕೇಳ್ತೀನಿ."

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಹಳ್ಳ ದೊಡ್ಡದೇನಲ್ಲ. ನೀರು ಮೊಣಕಾಲಿಗೂ ಬಾರದು. ತಳದಲ್ಲಿ ಕಲ್ಲೋ ಕಲ್ಲು, ಎಲ್ಲವೂ ಬೂದು. ಇಷ್ಟಕ್ಕಾ ವರ್ಷವರ್ಷವೂ ಕರೆದದ್ದು, ಅಂದುಕೊಂಡಳು. ಇಷ್ಟು ದೂರವೂ ಬರಲಾಗಲಿಲ್ಲ ನನಗೆ, ಎಂದೂ ಅಂದುಕೊಂಡಳು.

ನಾದಿನಿ ಮರದ ನೆರಳಲ್ಲಿ ಮಲಗಿ ನಿದ್ದೆಹೋದಳು. ಇವಳು ಅವನು ಕಲ್ಲು ತರುತ್ತಿದ್ದ ಚೀಲವನ್ನು ದಡದಲ್ಲಿಟ್ಟು, ನೀಲಿ ಚೂರಿನ ಕತ್ತರಿ ಹಿಡಿದು ನೀರಿಗಿಳಿದಳು. ಒಂದು ಕಲ್ಲು ಕತ್ತರಿಯನ್ನು ಗೀರಿತು. ಇನ್ನೊಂದು ಪುಡಿಯಾಯಿತು. ಮತ್ತೊಂದರಿಂದ ಏನೂ ಆಗಲಿಲ್ಲ. ನೀರು ಎಂದಿದ್ದ. ಕಿವಿ ಎಂದಿದ್ದ. ನೀರಿಗೆ ಏನು ಮಾಡಬೇಕು, ಕಿವಿಗೆ ಏನು ಮಾಡಬೇಕು? ನೆನಪಾದದ್ದು ಅವನು ಅದನ್ನು ಹೇಳುತ್ತಾ ಉಣ್ಣುತ್ತಿದ್ದಾಗ ಒಂದು ಸಲ ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು ಎಂಬುದಷ್ಟೇ. ಮಧ್ಯಾಹ್ನ ಕಳೆಯುವ ಹೊತ್ತಿಗೆ ದಡದಲ್ಲಿ ಕಲ್ಲಿನ ರಾಶಿಯಾಗಿತ್ತು. ಅದರಲ್ಲಿ ಅವನ ಕಲ್ಲು ಇರಲಿಲ್ಲ.

"ಅದು ಸಾಣೆಯಪ್ಪನ ಚೀಲ ಅಲ್ವಾ?"

ಹುಲ್ಲು ಕೊಯ್ಯುವ ಮುದುಕಿಯೊಬ್ಬಳು ತಲೆಯ ಹೊರೆ ಇಳಿಸಿ ನಿಂತಿದ್ದಳು. ಸೊಂಟದಲ್ಲಿ ಕುಡುಗೋಲು.

"ಹೌದು."

"ಹಾಗಾದ್ರೆ ಅವನ ಹೆಂಡ್ತಿ ನೀನೇ! ಅಂತೂ ಬಂದ್ಯಲ್ಲ ತಾಯಿ. ಕಾಲು ವಾಸಿಯಾಯ್ತಾ?"

ಅವಳಿಗೆ ತಿಳಿಯಲಿಲ್ಲ.

"ಪ್ರತಿ ವರ್ಷ ಹೇಳ್ತಿದ್ದೆ, ಅವಳನ್ನೂ ಒಂದ್ಸಲ ಕರ್ಕೊಂಡು ಬಾರಪ್ಪಾ ಅಂತ. 'ಅವಳಿಗೂ ಬರೋ ಆಸೆ ಬಹಳ ಅಮ್ಮಾ, ಏನ್ಮಾಡೋದು, ಕಾಲು ನೋವು, ಇಷ್ಟು ದೂರ ನಡೆಯೋಕಾಗಲ್ಲ' ಅಂತಿದ್ದ. ಹೇಳುವಾಗ ಪಾಪ, ಮುಖ ಸಣ್ಣಗಾಗೋದು."

ಮೂರು ಮಹಡಿ ನೀರು ಹೊತ್ತ ಕಾಲು ಅದು. ಹುಟ್ಟಿದಾಗಿನಿಂದ ಒಂದು ದಿನ ನೋವೆಂದಿರಲಿಲ್ಲ.

"ಈಗ ಪರವಾಗಿಲ್ಲ" ಎಂದಳು.

"ಅವನೆಲ್ಲಿ? ಅವನು ಬರ್ತಾನೆ ಅಂತ ಕುಡುಗೋಲು ಮೊಂಡಾದ್ರೂ ಹಾಗೇ ಇಟ್ಟಿದೀನಿ."

ಈ ಮಾತನ್ನು ಅವಳು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಓಣಿಯವರೇ ಹೊತ್ತುಕೊಂಡು ಹೋದವರು. ನೆಂಟರಿಗೆ ನಾದಿನಿ ತಿಳಿಸಿದ್ದಳು. ಈ ಮುದುಕಿಯೊಬ್ಬಳಿಗೆ ತನ್ನ ಬಾಯಿಂದಲೇ ಹೇಳಬೇಕಾಯಿತು.

"ಸತ್ತುಹೋದ್ರು ಅಮ್ಮಾ. ನಾಲ್ಕು ತಿಂಗಳಾಯ್ತು."

ಮುದುಕಿ ಹೊರೆಯ ಮೇಲೆ ಕೂತಳು. ಆಮೇಲೆ ಕಲ್ಲಿನ ರಾಶಿಯ ಕಡೆ ಕಣ್ಣು ಹಾಯಿಸಿ, "ಇವ್ಯಾವೂ ಅಲ್ಲ" ಎಂದು ಎದ್ದು ಹಳ್ಳಕ್ಕಿಳಿದಳು. ಬಾಗಿ ಎತ್ತಿದಳು, ಬಿಸಾಡಿದಳು, ಮತ್ತೆ ಎತ್ತಿದಳು. "ನೀರು ಹನಿಸಿ ಹತ್ತು ಎಣಿಸಬೇಕು. ಅಷ್ಟರೊಳಗೆ ಕುಡಿದುಬಿಟ್ರೆ ಅದು ಒರಟು. ಕಿವಿ ಹತ್ರ ತಟ್ಟಿದ್ರೆ ಟಣ್ ಅನ್ನಬೇಕು, ಇಲ್ಲಾಂದ್ರೆ ಒಳಗೆ ಬಿರುಕು. ತಗೋ, ಇದು. ಅವನೇ ಹೇಳ್ತಿದ್ದ. ನಿನಗೆ ಹೇಳಿರಲಿಲ್ವಾ?"

"ಹೇಳಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ."

ಆ ಕಲ್ಲನ್ನು ಅದ್ದಿ ಮೊದಲು ಮುದುಕಿಯ ಕುಡುಗೋಲಿಗೆ ಸವರಿದಳು. ಕೈ ಅವನ ಹಾಗೆ ಓಡಲಿಲ್ಲ. ಮುದುಕಿ ಒಂದು ಹಿಡಿ ಹುಲ್ಲು ಕೊಯ್ದು ನೋಡಿ, "ಸಾಕು ತಾಯಿ, ಚೆನ್ನಾಗಿದೆ" ಎಂದಳು. ಚೆನ್ನಾಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಬಸ್ಸಿಗೆ ಹೊತ್ತಾಗಿತ್ತು. ಕಲ್ಲನ್ನು ಚೀಲಕ್ಕೆ ಹಾಕಿ, ನಾದಿನಿಯನ್ನು ಎಬ್ಬಿಸಿ ಹೊರಟಳು. ಹಿಂದಿನಿಂದ ಮುದುಕಿ ಕೂಗಿದಳು, "ಕಾಲು ಜೋಪಾನ ತಾಯಿ!"

ಹತ್ತು ಹೆಜ್ಜೆ ನೆಟ್ಟಗೆ ಹೋದವಳು ನಿಂತಳು. ಮತ್ತೆ ಹೊರಟಾಗ ಎಡಗಾಲನ್ನು ಎಳೆದು ಹಾಕುತ್ತಿದ್ದಳು.

"ಏನಾಯ್ತು ಅತ್ತಿಗೆ? ಬರುವಾಗ ಚೆನ್ನಾಗೇ ಇದ್ರಲ್ಲ? ಮುಳ್ಳು ಚುಚ್ತಾ?"

"ಮುಳ್ಳೂ ಇಲ್ಲ ಏನೂ ಇಲ್ಲ. ಹಿಂದೆ ನೋಡ್ಬೇಡ. ಕೈ ಕೊಡು."

ನಾದಿನಿ ಕೈ ಕೊಟ್ಟಳು. ದಾರಿ ತಿರುಗಿತು, ಮುದುಕಿ ಮರೆಯಾದಳು. ಅವಳು ಕುಂಟುವುದನ್ನು ಬಿಡಲಿಲ್ಲ. ಬಸ್ಸು ಹತ್ತಿದಾಗ ಯಾರೋ ಎದ್ದು ಜಾಗ ಬಿಟ್ಟುಕೊಟ್ಟು, "ಕಾಲು ನೋವಾ?" ಎಂದರು.

"ಹೌದು," ಎಂದು ಕೂತಳು. "ಬಹಳ ವರ್ಷದಿಂದ."