ಅಂಚು ಕಟ್ಟಿದ ಕೈ

ನಮ್ಮಕ್ಕ ಹಟಕ್ಕೆ ಬಿದ್ದಳೆಂದರೆ ಯಾರಪ್ಪನ ಮಾತನ್ನೂ ಕೇಳುವವಳಲ್ಲ. ನಲವತ್ತರ ಹತ್ತಿರ ಬಂದ ಮೇಲೆ ಒಂದು ಬೆಳಿಗ್ಗೆ ಟೀ ಕುಡಿಯುತ್ತಾ, “ನಾನು ಕೈಗೆ ಹಚ್ಚೆ ಹಾಕಿಸ್ಕೋತೀನಿ,” ಎಂದಳು. ಅಮ್ಮ ಲೋಟ ಕೆಳಗಿಟ್ಟು, “ನಿನಗೆ ತಲೆ ನೆಟ್ಟಗಿದೆಯಾ?” ಎಂದು ಕೇಳಿದಳು. ನಾನು ಕಿಸಕ್ಕನೆ ನಕ್ಕೆ. ಅಕ್ಕ ನಮ್ಮಿಬ್ಬರನ್ನೂ ಒಮ್ಮೆ ನೋಡಿ, “ಕೇಳ್ತಾ ಇಲ್ಲ, ಹೇಳ್ತಾ ಇದ್ದೀನಿ,” ಎಂದು ಉಳಿದ ಟೀ ಮುಗಿಸಿದಳು.

ಎಲ್ಲಿ ಹಾಕಿಸಿಕೊಳ್ಳುತ್ತಾಳೆಂದು ತಿಳಿದಾಗ ನನ್ನ ನಗು ಅಲ್ಲಿಗೇ ನಿಂತಿತು. ಅಕ್ಕನ ಎಡಗೈಯ ಮಣಿಕಟ್ಟಿನಿಂದ ಮೊಳಕೈ ಹತ್ತಿರದವರೆಗೆ ದೊಡ್ಡದೊಂದು ಬಿಳಿ ಮಚ್ಚೆಯಿದೆ. ತೊನ್ನು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ‘ಅದು’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. ಅವಳು ಶಾಲೆಗೆ ಹೋಗುತ್ತಿದ್ದಾಗಿನಿಂದ ಅಮ್ಮ ಹೊಲಿಸಿದ್ದೆಲ್ಲ ತುಂಬುತೋಳಿನ ಅಂಗಿಯೇ, ಸುಡುಬೇಸಿಗೆಯಲ್ಲೂ ಅದೇ. ಮದುವೆಯ ಮಾತು ಬಂದಾಗ, “ಅದನ್ನ ಆಮೇಲೆ ಹೇಳಿದರಾಯ್ತು,” ಎಂದಳು ಅಮ್ಮ. “ಮೊದಲೇ ಹೇಳಿ, ಇಲ್ಲಾಂದ್ರೆ ಮದುವೆನೇ ಬೇಡ,” ಎಂದು ಅಕ್ಕ ಪಟ್ಟು ಹಿಡಿದಳು. ಹೇಳಿದೆವು. ಬಂದವರು ಬಂದ ದಾರಿ ಹಿಡಿದರು. ಹೀಗೆ ಎರಡು ಮೂರು ಸಲ ಆದ ಮೇಲೆ ಯಾರಿಗೂ ತೋರಿಸುವ ಉಸಾಬರಿಯೇ ಬೇಡವೆಂದು ಅವಳೂ ಮುಚ್ಚಿಕೊಂಡಳು.

ಮುಚ್ಚಿಕೊಳ್ಳಲು ಅವಳಿಗೆ ಒಳ್ಳೆಯ ಜಾಗವೇ ಸಿಕ್ಕಿತ್ತು. ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. ಅಕ್ಕನದು ನೀಲಿ ತೊಟ್ಟಿ. ನೂಲಿನ ಲಡಿಯನ್ನು ಕೈಯಲ್ಲಿ ಹಿಡಿದು ಮುಳುಗಿಸಬೇಕು, ತಿರುವಬೇಕು, ಹಿಂಡಬೇಕು, ಮತ್ತೆ ಮುಳುಗಿಸಬೇಕು. ಸಂಜೆಯಾಗುವಷ್ಟರಲ್ಲಿ ಮೊಳಕೈವರೆಗೆ ಕೈಯೆಲ್ಲ ಕಡುನೀಲಿ. ನಾವೆಲ್ಲ ನಲ್ಲಿಯ ಹತ್ತಿರ ಜಗಳವಾಡಿಕೊಂಡು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಉಜ್ಜಿ ಉಜ್ಜಿ ಬಣ್ಣ ತೆಗೆಯುತ್ತಿದ್ದೆವು. ಅಕ್ಕ ಒಂದು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಸೀದಾ ಮನೆಗೆ. ಬಣ್ಣ ಮೈಮೇಲಿದ್ದಷ್ಟು ಹೊತ್ತು ಮಚ್ಚೆಯೂ ಇಲ್ಲ, ಮಾತೂ ಇಲ್ಲ.

ಹಚ್ಚೆಯ ಮಾತು ಎತ್ತುವುದಕ್ಕೆ ಸ್ವಲ್ಪ ಮುಂಚೆ ಜ್ವರ ಬಂದು ಕೆಲವು ವಾರ ಮನೆಯಲ್ಲೇ ಮಲಗಿದ್ದಳು. ಕೈಯ ನೀಲಿ ಪೂರ್ತಿ ಇಳಿಯಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಕಿಟಕಿ ಪಕ್ಕ ಕೂತು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಹೊಸ ಲಡಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

“ಇಷ್ಟು ವರ್ಷಕ್ಕೆ ಇವತ್ತು ಸರಿಯಾಗಿ ನೋಡಿದೆ ಕಣೇ,” ಎಂದಳು ನನಗೆ. “ಬಣ್ಣ ಹತ್ತದೇ ಉಳಿದುಹೋದ ಹಾಗೆ ಕಾಣುತ್ತೆ. ಸುತ್ತಲೂ ಒಂದು ಅಂಚು ಇದ್ದಿದ್ರೆ, ಬೇಕು ಅಂತಲೇ ಬಿಟ್ಟ ಬಿಳುಪು ಅನ್ನಿಸ್ತಿತ್ತು.”

ನಾನು ಜ್ವರದ ಗುಂಗು ಎಂದುಕೊಂಡೆ. ಗುಂಗಲ್ಲ, ಅದು ಅವಳ ತೀರ್ಮಾನ.

ಅಮ್ಮ ಕೂಗಾಡಿದಳು, ಅತ್ತಳು, ಊಟ ಬಿಟ್ಟಳು. ಕೊನೆಗೆ ಚರ್ಮದ ಡಾಕ್ಟರು ಬೇಡ ಅನ್ನುತ್ತಾರೆ ಎಂಬ ಧೈರ್ಯದ ಮೇಲೆ, “ಅವರನ್ನ ಕೇಳು, ಅವರು ಹ್ಞೂಂ ಅಂದ್ರೆ ನಂದೇನೂ ಇಲ್ಲ,” ಎಂದಳು. ಡಾಕ್ಟರು ಕೈ ನೋಡಿದರು. ಎಷ್ಟೋ ವರ್ಷದಿಂದ ಮಚ್ಚೆ ಬೆಳೆದಿಲ್ಲ, ಅದು ಒಳ್ಳೆಯದು ಎಂದರು. ಆದರೆ ಇಂಥ ಮೈಗೆ ಗಾಯವಾದರೆ ಗಾಯವಾದ ಕಡೆ ಹೊಸ ಬಿಳುಪು ಬರುವುದುಂಟು, ಸೂಜಿ ಚುಚ್ಚಿದರೂ ಅದು ಗಾಯವೇ. ಬರಬಹುದು, ಬರದೆಯೂ ಇರಬಹುದು. ಮೊದಲು ಒಂದು ಚುಕ್ಕಿ ಹಾಕಿಸಿ, ಕೆಲವು ತಿಂಗಳು ಕಾದು ನೋಡಿ, ಆಮೇಲೆ ಯೋಚಿಸಿ ಎಂದರು. ಅಕ್ಕ ಹಾಗೇ ಮಾಡಿದಳು. ಚುಕ್ಕಿ ಚುಕ್ಕಿಯಾಗಿಯೇ ಉಳಿಯಿತು. ಅಮ್ಮ ಒಪ್ಪಲೇಬೇಕಾಯಿತು, ಭಯ ಮಾತ್ರ ಹೋಗಲಿಲ್ಲ. ನನಗೂ ಹೋಗಲಿಲ್ಲ ಅನ್ನಿ. ಸುಮ್ಮನೆ ಮಲಗಿರುವುದನ್ನು ಯಾಕೆ ಕೆಣಕುತ್ತಾಳೆ ಇವಳು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹಚ್ಚೆ ಹಾಕುವವಳು ಸಣ್ಣ ವಯಸ್ಸಿನ ಹುಡುಗಿ. ತಲೆ ಬೋಳಿಸಿದಷ್ಟು ಚಿಕ್ಕ ಕೂದಲು, ಕತ್ತಿನ ತುಂಬ ಬಳ್ಳಿ. ಮೆಟ್ಟಿಲು ಹತ್ತಿ ಹೋದರೆ ಒಂದು ಬಿಳಿ ಕೋಣೆ, ಔಷಧಿ ಅಂಗಡಿಯ ವಾಸನೆ. ಅಕ್ಕನ ಕೈ ನೋಡಿ ಅವಳು ಮುಖ ಸಿಂಡರಿಸಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ.

“ಅಕ್ಕ, ಮೈಬಣ್ಣದ ಶಾಯಿ ತುಂಬಿ ಮುಚ್ಚೋದೂ ಉಂಟು,” ಎಂದಳು. “ಒಂದೊಂದು ಸಲ ಹೊಂದುತ್ತೆ, ಒಂದೊಂದು ಸಲ ಹೊಂದಲ್ಲ.”

“ಮುಚ್ಚೋ ಕೆಲಸ ನನಗೆ ನಿನಗಿಂತ ಚೆನ್ನಾಗಿ ಬರುತ್ತಮ್ಮ,” ಎಂದಳು ಅಕ್ಕ. “ಬಿಳೀದರ ಒಳಗೆ ಏನೂ ಬೇಡ. ಅಂಚಿನ ಗುಂಟ ಒಂದೇ ಒಂದು ಕಪ್ಪು ಗೆರೆ ಎಳಿ. ಅದು ಹೇಗೆ ಹೋಗಿದೆಯೋ ಹಾಗೇ.”

ಯಂತ್ರ ಗುರ್ರೆಂದಿತು. ನಾನು ಕುರ್ಚಿಯ ಹಿಡಿ ಬಿಗಿಹಿಡಿದು ಕೂತಿದ್ದೆ, ಚುಚ್ಚುತ್ತಿರುವುದು ನನಗೇ ಎನ್ನುವಂತೆ. ಅಕ್ಕ ಕಣ್ಣು ಮುಚ್ಚಲಿಲ್ಲ. ಗೆರೆ ಮಣಿಕಟ್ಟಿನ ಒಳಭಾಗಕ್ಕೆ ಬಂದಾಗ ಮಾತ್ರ ಹಲ್ಲು ಕಚ್ಚಿ, “ನೀನು ಮಾತಾಡೇ ಏನಾದ್ರೂ, ಬೇರೆ ದಿನ ಬಾಯಿ ಮುಚ್ಚಲ್ಲ, ಇವತ್ತೇನಾಗಿದೆ?” ಎಂದು ನನ್ನ ಮೇಲೆ ರೇಗಿದಳು.

ಹೊರಡುವಾಗ ಆ ಹುಡುಗಿ ಉಪದೇಶದ ಮೂಟೆಯನ್ನೇ ಕಟ್ಟಿಕೊಟ್ಟಳು. ಘಾಟಿಲ್ಲದ ಸೋಪಿನಲ್ಲಿ ಮೆಲ್ಲಗೆ ತೊಳೆಯಬೇಕು, ಉಜ್ಜಬಾರದು, ಒತ್ತಿ ಒರೆಸಬೇಕು. ಮುಲಾಮು ತೆಳ್ಳಗೆ ಸವರಬೇಕು, ಮೆತ್ತಬಾರದು. ನೀರಿನಲ್ಲಿ ನೆನೆಸಬಾರದು, ಬಿಸಿಲಿಗೆ ಒಡ್ಡಬಾರದು, ಬಿಗಿ ತೋಳು ಹಾಕಬಾರದು, ತುರಿಕೆ ಬಂದರೆ ಕೆರೆಯಬಾರದು. “ಮುಖ್ಯವಾಗಿ ಬಣ್ಣದ ತೊಟ್ಟಿಗೆ ಕೈ ಹಾಕ್ಲೇಬಾರದು ಅಕ್ಕ, ಪೂರ್ತಿ ವಾಸಿಯಾಗೋ ತನಕ.”

ಅಂದರೆ ಏನಾಯಿತು ನೋಡಿ. ನೀಲಿಯೂ ಇಲ್ಲ, ತೋಳೂ ಇಲ್ಲ. ಆ ಕೈಯನ್ನು ಹಾಗೇ ಬಿಟ್ಟುಕೊಂಡು ಶೆಡ್ಡಿಗೆ ಹೋಗಬೇಕು. “ರಜೆ ಹಾಕೇ, ವಾಸಿಯಾದ ಮೇಲೆ ಹೋದರಾಯ್ತು,” ಎಂದು ನಾನೂ ಅಮ್ಮನೂ ಗೋಗರೆದೆವು. “ಬಚ್ಚಿಟ್ಟುಕೊಳ್ಳೋದಾಗಿದ್ರೆ ಹಾಕಿಸ್ಕೊಂಡಿದ್ದು ಯಾಕೆ?” ಎಂದಳು. ಮಾರನೆಯ ದಿನ ಗಿಡ್ಡತೋಳಿನ ಅಂಗಿ ತೊಟ್ಟು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ನಾನು ಅವಳ ಎಡಗಡೆಯೇ ನಡೆದೆ. “ಆ ಕಡೆ ಸರ್ಕೊಳ್ಳೇ, ಮುಲಾಮು ನಿನ್ನ ಬಟ್ಟೆಗೆ ಹತ್ತುತ್ತೆ,” ಎಂದು ಬೈಸಿಕೊಂಡೆ.

ಮೇಸ್ತ್ರಿ ಅವಳನ್ನು ಒಣಗಿದ ಲಡಿ ಮಡಿಸುವ ಮೇಜಿಗೆ ಹಾಕಿದರು. ಅವಳು ಕೂತಿದ್ದೇ ತಡ, ಎಲ್ಲರ ಕಣ್ಣೂ ಆ ಕೈಯ ಮೇಲೆ ಬಿತ್ತು. ಕೆಂಪು ತೊಟ್ಟಿಯ ದಪ್ಪಕ್ಕ ಎದ್ದು ಬಂದಳು. ಅವಳಿಗೆ ಮನಸ್ಸಿನಲ್ಲಿ ಒಂದು, ಬಾಯಲ್ಲಿ ಒಂದು ಇಟ್ಟುಕೊಂಡು ಗೊತ್ತಿಲ್ಲ. ಕೈಯನ್ನು ಹತ್ತಿರದಿಂದ ನೋಡಿ, “ಓಹೋಹೋ! ಇದಕ್ಕಾ ನೀನು ಸಂಜೆ ಕೈ ತೊಳೀತಾ ಇರಲಿಲ್ಲ? ನಾವೆಲ್ಲ ನಿನ್ನ ಶುದ್ಧ ಸೋಮಾರಿ ಅಂದ್ಕೊಂಡಿದ್ವಲ್ಲೇ!” ಎಂದಳು. ನಾಲ್ಕು ಜನ ನಕ್ಕರು, ಅಕ್ಕನೂ ನಕ್ಕಳು.

ಎಲ್ಲರೂ ನಗಲಿಲ್ಲ. ಊಟದ ಹೊತ್ತಿನಲ್ಲಿ ಮೂಟೆ ಹೊರುವವನು, ಅಕ್ಕ ಬೆಂಚಿಗೆ ಬಂದು ಕೂತ ಕೂಡಲೇ, ತನ್ನ ಡಬ್ಬಿ ಎತ್ತಿಕೊಂಡು ತುದಿಗೆ ಸರಿದ. ಅಕ್ಕನ ಮುಖ ಕೆಂಪಾಗಿದ್ದು ಕಂಡಿತು. ಅವಳು ತನ್ನ ಡಬ್ಬಿ ಎತ್ತಿಕೊಂಡು ತುದಿಗೇ ಹೋಗಿ ಅವನ ಪಕ್ಕ ಕೂತಳು.

“ಅಣ್ಣ, ಇದು ಅಂಟಲ್ಲ,” ಎಂದಳು. “ಅಂಟೋದಾಗಿದ್ರೆ ಹುಟ್ಟಿದಾಗಿನಿಂದ ನನ್ನ ಪಕ್ಕ ಮಲಗೋ ಇವಳಿಗೆ ಅಂಟಿರಬೇಕಿತ್ತು. ನೋಡು, ಇವಳಿಗೆ ಅಂಟಿರೋದು ಬರೀ ಬಾಯಿ ರೋಗ.” ಅವನು ತಲೆ ತಗ್ಗಿಸಿ ಊಟ ಮುಗಿಸಿದ. ಮತ್ತೆ ಸರಿಯಲು ಬೆಂಚಿನಲ್ಲಿ ಜಾಗವೂ ಇರಲಿಲ್ಲ.

ಒಂದು ವಾರ ಕಳೆಯುತ್ತಿದ್ದಂತೆ ಹೊಸ ರಗಳೆ ಶುರುವಾಯಿತು. ಕೈ ಒತ್ತಿ ಒರೆಸಿದ ಬಟ್ಟೆಯ ಮೇಲೆ ಕಪ್ಪು ಹೊಟ್ಟು. ಮೊದಲು ಒಂದು ಚೂರು, ಆಮೇಲೆ ಗೆರೆಯ ತುಂಬ ಸಿಪ್ಪೆ ಎದ್ದು ಉದುರತೊಡಗಿತು. ಅದರ ಕೆಳಗಿನ ಗೆರೆ ಮಂಕಾಗಿತ್ತು. ಅಕ್ಕನ ಮುಖ ಸಪ್ಪಗಾಯಿತು. ಬಣ್ಣ ಬಿಡುತ್ತಿದೆ! ಹುಟ್ಟಾ ಬಣ್ಣದವರು ನಾವು, ನಮಗೆ ಇನ್ನೇನು ಹೊಳೆಯಬೇಕು? ಮಧ್ಯಾಹ್ನ ಶೆಡ್ಡಿನಲ್ಲಿ ಪಂಚಾಯಿತಿಯೇ ಕೂತಿತು. ದಪ್ಪಕ್ಕ ನೋಡಿದಳು, ಮೂಟೆ ಹೊರುವವನೂ ಬಂದು ಬಗ್ಗಿ ನೋಡಿದ, ಮೇಸ್ತ್ರಿ ಕನ್ನಡಕ ಏರಿಸಿ ನೋಡಿ, “ಬಣ್ಣ ಹಾಕಿದ್ದಾಳೆ, ಗಟ್ಟಿ ಮಾಡಿಲ್ಲ,” ಎಂದು ತೀರ್ಪು ಕೊಟ್ಟರು. ಬಣ್ಣ ಬಿಡುವ ಲಡಿಗೆ ನಾವು ಏನು ಮಾಡುತ್ತೇವೆ? ಉಪ್ಪು, ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದುತ್ತೇವೆ. ಅಕ್ಕ ಮತ್ತೆ ಯೋಚಿಸಲಿಲ್ಲ. ಬಕೆಟ್ಟಿನಲ್ಲಿ ಹದವಾಗಿ ಬೆರೆಸಿ, ಮೊಳಕೈವರೆಗೆ ಕೈ ಇಳಿಸಿದಳು.

ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಕೈ ತೆಗೆದಳೇ? ಇಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, “ಲಡಿ ಇಷ್ಟು ಬೇಗ ತೆಗೀತೀವಾ? ಇರ್ಲಿ, ಇರ್ಲಿ,” ಎನ್ನುತ್ತಾ ನಿಂತಳು. ನಾನೇ ರಟ್ಟೆ ಹಿಡಿದು ಎಳೆದೆ.

ಸಂಜೆಗೆ ಕೈ ಊದಿ ಕೆಂಪಾಗಿ, ಗೆರೆಯುದ್ದಕ್ಕೂ ನೀರು ಒಸರುತ್ತಿತ್ತು. ಹಚ್ಚೆಯ ಹುಡುಗಿ ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕೂತಳು. “ಅಕ್ಕ, ಇದು ಚರ್ಮ, ನೂಲಲ್ಲ! ಮೇಲಿನ ಸಿಪ್ಪೆ ಎಲ್ಲರಿಗೂ ಉದುರುತ್ತೆ. ಬಣ್ಣ ಒಳಗೆ ಭದ್ರವಾಗಿದೆ. ಯಾರು ಹೇಳಿದ್ದು ನಿಮಗೆ ವಿನೆಗರ್ ಹಾಕೋಕೆ?” “ಇಡೀ ಶೆಡ್ಡು,” ಎಂದಳು ಅಕ್ಕ. ಹುಡುಗಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಡಾಕ್ಟರು ಮಾತ್ರ ನಗಲಿಲ್ಲ. ಗಾಯದ ಮೇಲೆ ಗಾಯ ಮಾಡಿಕೊಂಡಿದ್ದೀರಿ, ಇನ್ನು ಕೆಲವು ತಿಂಗಳು ಗೆರೆಯ ಸುತ್ತ ಗಮನವಿಟ್ಟು ನೋಡುತ್ತಿರಿ ಎಂದರು.

ಆಮೇಲೆ ಆ ಕೈಯನ್ನು ಅವಳು ನೋಡಿಕೊಂಡ ರೀತಿ ನೋಡಬೇಕಿತ್ತು. ತುರಿಕೆ ತಡೆಯದೆ ರಾತ್ರಿ ಹೊರಳಾಡುತ್ತಿದ್ದಳು, ಉಗುರು ತಾಗಿಸುತ್ತಿರಲಿಲ್ಲ. ಮುಲಾಮು ಡಬ್ಬಿ ಸೊಂಟದಲ್ಲೇ. ಬಿಸಿಲಿದ್ದರೆ ಕೊಡೆ, ಸೊಳ್ಳೆ ಕೂತರೆ ಉಫ್ ಎಂದು ಊದುವುದು. “ಹೆತ್ತ ಮಗು ಇದ್ದಿದ್ರೂ ಹೀಗೆ ಸಾಕ್ತಿರಲಿಲ್ಲ ಇವಳು,” ಎಂದು ಅಮ್ಮ ಗೊಣಗಿದಳು. ಗೊಣಗುತ್ತಲೇ ಸೋಪು ತಂದಿಟ್ಟಳು. ಒಸರುವುದು ನಿಂತಿತು, ಊತ ಇಳಿಯಿತು, ಮಂಕು ಹೊರಟುಹೋಗಿ ಗೆರೆ ಕಪ್ಪಗೆ ಸ್ಪಷ್ಟವಾಗಿ ಮೇಲೆದ್ದಿತು. ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು. ದಪ್ಪಕ್ಕ ಅಂತೂ, “ನನಗೂ ಒಂದು ಮಚ್ಚೆ ಇದ್ದಿದ್ರೆ,” ಎಂದು ಹೊಟ್ಟೆಕಿಚ್ಚು ಪಟ್ಟಳು.

ಒಂದು ದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನನಗೆ ಕಂಡಿತು. ಮೊಳಕೈ ಹತ್ತಿರ, ಗೆರೆಯಿಂದಾಚೆ, ಉಗುರಿನಷ್ಟು ಬಿಳುಪು. ಹೇಳಲೋ ಬೇಡವೋ ಎಂದು ನಿಂತಿದ್ದಾಗ ಅಮ್ಮನೂ ನೋಡಿಬಿಟ್ಟಳು. “ಬಾಯಿ ಬಡ್ಕೊಂಡೆ ನಾನು! ಬೇಡ ಅಂತ ಬಡ್ಕೊಂಡೆ!” ಎಂದು ನೆಲಕ್ಕೆ ಕುಸಿದಳು.

ಅಕ್ಕ ಬಾಚಣಿಗೆ ನಿಲ್ಲಿಸಲಿಲ್ಲ. “ಹೋದ ವಾರವೇ ನೋಡಿದ್ದೀನಿ ಅಮ್ಮ,” ಎಂದಳು. ಜಡೆ ಕಟ್ಟಿ ಮುಗಿಸಿ, ಅಮ್ಮನ ಎದುರು ಕೂತು ಕೈ ಮುಂದೆ ಚಾಚಿದಳು. “ನನಗೂ ಹೆದರಿಕೆ ಆಯ್ತು. ಒಂದು ದಿನ ಪೂರ್ತಿ ಅತ್ತೆ. ಆದ್ರೆ ಇದು ಹರಡುತ್ತೆ ಅಂತ ಮತ್ತೆ ತುಂಬುತೋಳಿನೊಳಗೆ ಹೋಗಿ ಕೂರೋಕೆ ನನ್ನ ಕೈಲಾಗಲ್ಲ. ಬರೋದು ಬರಲಿ. ಈಗ ಏಳು, ಕೆಲಸಕ್ಕೆ ಹೊತ್ತಾಯ್ತು.” ಅಮ್ಮ ಏಳಲಿಲ್ಲ. ಚಾಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಹಾಗೇ ಕೂತಿದ್ದಳು. ನಾವಿಬ್ಬರೂ ಅವತ್ತು ತಡವಾಗಿ ಹೋದೆವು.

ಶೆಡ್ಡಿನಲ್ಲಿ ಮೇಸ್ತ್ರಿ ಕಾಯುತ್ತಿದ್ದರು. ಗಾಯ ವಾಸಿಯಾಗಿ ಬಹಳ ದಿನವಾಗಿದೆ, ಇನ್ನು ನೀಲಿ ತೊಟ್ಟಿಗೆ ಬರಬಹುದಲ್ಲ ಎಂದರು. ಒಳ್ಳೆಯ ಮನುಷ್ಯ. ಹೊಸ ಬಿಳುಪು ಅವರ ಕಣ್ಣಿಗೂ ಬಿತ್ತು. ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿ, “ಕಡುನೀಲಿದೇ ಕೊಡ್ತೀನಮ್ಮ ನಿನಗೆ. ಎರಡು ದಿನ ಕೈ ಅದ್ದಿದ್ರೆ ಯಾವುದೂ ಕಾಣ್ಸಲ್ಲ,” ಎಂದರು.

“ನೀಲಿ ತೊಟ್ಟಿಗೆ ಬರ್ತೀನಿ ಮೇಸ್ತ್ರಿ,” ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. “ಆದ್ರೆ ಮೊಳಕೈ ದಾಟಿ ಬರೋವಂಥ ಗ್ಲೌಸ್ ತರಿಸಿಕೊಡಿ. ಕೈಗೆ ಒಂದು ಹನಿ ಬಣ್ಣ ತಾಗಬಾರದು.”