ರದ್ದಾದ ನಿಯಮ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹಾಸನದ ಒಬ್ಬ ವಕೀಲರ ಬಳಿ ಜೂನಿಯರ್ ಆಗಿ ಸೇರಿದೆ. ಊರಲ್ಲಿ ಅವರಿಗೆ ದೊಡ್ಡ ಹೆಸರು. ಮೊದಲ ವಾರವೇ ನನಗೆ ಅವರನ್ನು ಕಂಡರೆ ಆಗದಂತಾಯಿತು. ಯಾವ ದಾವೆ ಬರೆಸಿದರೂ ‘ಸರ್ಕಾರದ ನಿಯಮಗಳ ಮೇರೆಗೆ’ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದರು. ಯಾವ ನಿಯಮ, ಎಷ್ಟನೆಯದು, ಯಾವ ಗೆಜೆಟ್‌ನಲ್ಲಿ ಬಂತು, ಆಮೇಲೆ ತಿದ್ದುಪಡಿ ಆಗಿದೆಯೇ ಎಂದು ಕೇಳಿದರೆ ನಗುತ್ತಿದ್ದರು.

“ಕಾಲೇಜಲ್ಲಿ ಬರಿಯೋ ಪ್ರಬಂಧ ಅಲ್ಲಮ್ಮ ಇದು. ಜಡ್ಜ್‌ಗೆ ಅಷ್ಟೂ ಗೊತ್ತಿರಲ್ವಾ?”

ಆಗ ನುಗ್ಗೇಹಳ್ಳಿ ಕಡೆಯಿಂದ ಒಬ್ಬ ಹೆಂಗಸು ಬಂದಳು. ಗಂಡ ಸತ್ತ ಮೇಲೆ ರಾಗಿ ಬೀಸುವ ಮಿಲ್ಲು ನಡೆಸುತ್ತಿದ್ದವಳು. ಪಂಚಾಯಿತಿಯವರು ಒಂದು ನೋಟಿಸೂ ಕೊಡದೆ ಲೈಸೆನ್ಸ್ ರದ್ದು ಮಾಡಿ ಬೀಗ ಜಡಿದಿದ್ದರು. ಅಧ್ಯಕ್ಷನ ಭಾವಮೈದ ಅದೇ ಬೀದಿಯಲ್ಲಿ ಹೊಸ ಮಿಲ್ಲು ಹಾಕಿದ್ದ. ನೋಟಿಸು ಕೊಡದೆ ರದ್ದು ಮಾಡುವಂತಿಲ್ಲ ಎಂದು ನಿಯಮದಲ್ಲೇ ಇತ್ತು. ಗೆಲ್ಲಬೇಕಾದ ಕೇಸು.

ಆದರೆ ಪಂಚಾಯಿತಿಗಳ ಕಾಯ್ದೆಯೇ ಅಷ್ಟರಲ್ಲಿ ಬದಲಾಗಿತ್ತು. ಹಳೆಯ ನಿಯಮಗಳು ಹೋಗಿ ಹೊಸವು ಬಂದಿದ್ದವು; ನೋಟಿಸಿನ ಮಾತು ಹೊಸದರಲ್ಲೂ ಇತ್ತು. ನಾನು ಗೆಜೆಟ್ ಹುಡುಕಿ, ಹೊಸ ನಿಯಮದ ಪೂರ್ತಿ ಹೆಸರು, ಸಂಖ್ಯೆ, ಪ್ರಕಟವಾದ ದಿನ ಎಲ್ಲವನ್ನೂ ಡ್ರಾಫ್ಟಿನಲ್ಲಿ ಬರೆದೆ. ಸೀನಿಯರ್ ಅದರ ಮೇಲೆ ಅಡ್ಡಗೆರೆ ಎಳೆದು, ತಮಗೆ ಬಾಯಿಪಾಠವಿದ್ದ ಹಳೆಯ ನಿಯಮವನ್ನೇ ಹಾಕಿದರು.

“ಸರ್, ಅದು ಈಗ ಜಾರಿಯಲ್ಲಿಲ್ಲ.”

“ನೀನು ಹುಟ್ಟೋಕೆ ಮುಂಚಿಂದ ಈ ನಿಯಮ ಹೇಳ್ತಿದೀನಿ. ಟೈಪ್ ಮಾಡ್ಸು, ಹೋಗು.”

ಚನ್ನರಾಯಪಟ್ಟಣದ ಕೋರ್ಟಿನಲ್ಲಿ ತಡೆಯಾಜ್ಞೆಯ ಅರ್ಜಿ ವಿಚಾರಣೆಗೆ ಬಂತು. ಎದುರು ವಕೀಲ ಎದ್ದು ನಿಂತು, “ಸ್ವಾಮಿ, ಇವರು ಆಧಾರ ಮಾಡಿಕೊಂಡಿರುವ ನಿಯಮ ರದ್ದಾಗಿದೆ. ಇಲ್ಲದ ನಿಯಮವನ್ನು ನಾವು ಮುರಿಯುವುದಾದರೂ ಹೇಗೆ?” ಎಂದ. ಕೋರ್ಟು ಗೊಳ್ಳೆಂದಿತು. ಜಡ್ಜ್ ಸೀನಿಯರ್ ಕಡೆ ನೋಡಿದರು. ಸೀನಿಯರ್ ಹಿಂದೆ ತಿರುಗದೆಯೇ ನನ್ನ ಕಡೆ ಕೈ ತೋರಿಸಿದರು.

“ನಮ್ಮ ಜೂನಿಯರ್ ಡ್ರಾಫ್ಟ್ ಸ್ವಾಮಿ. ಹೊಸಬಳು.”

ನಾನು ಎದ್ದು ನಿಂತೆ. “ಸುಳ್ಳು ಸ್ವಾಮಿ,” ಎಂದೆ. “ನಾನು ಹೊಸ ನಿಯಮವನ್ನೇ ಬರೆದಿದ್ದೆ. ಇವರು ಹೊಡೆದುಹಾಕಿದರು.”

ಗೆದ್ದೆನೆಂದು ಆ ಕ್ಷಣ ಅನ್ನಿಸಿತು. ಜಡ್ಜ್ ಪೆನ್ನು ಕೆಳಗಿಟ್ಟು, ನಿಮ್ಮ ಆಫೀಸಿನ ಜಗಳ ಆಫೀಸಿನಲ್ಲಿ ಆಡಿಕೊಳ್ಳಿ ಎಂದರು. ಅರ್ಜಿ ವಜಾ ಆಯಿತು.

ಹೊರಗೆ ಹುಣಸೆಮರದ ಕೆಳಗೆ ಆ ಹೆಂಗಸು ನಮ್ಮಿಬ್ಬರನ್ನೂ ಅಡ್ಡಗಟ್ಟಿದಳು. “ನಿಮ್ನಿಮ್ ಮರ್ವಾದೆ ನೋಡ್ಕಂಡ್ರಿ. ನನ್ ಮಿಲ್ಲಿನ್ ಬೀಗ ಅಂಗೇ ಅದೆ ಕಣ್ರವ್ವಾ. ನೀವು ಬರ್ದಿದ್ದು ಯಾವ್ದೋ, ಅವ್ರು ಹೊಡ್ದಿದ್ದು ಯಾವ್ದೋ, ನಂಗೇನ್ ಬಂತು?”

ಸೀನಿಯರ್, “ಅಪೀಲ್ ಹಾಕೋಣ ಇರಮ್ಮ,” ಎಂದರು.

“ನಿಮ್ ಕೈಲಾ? ಪೈಲ್ ಕೊಡಿ ಸಾ, ಓಯ್ತೀನಿ.”

ಅವರು ಕೊಡಲಿಲ್ಲ. ಅವಳು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು, ಆಫೀಸಿನ ಬಾಗಿಲಲ್ಲಿ ನಿಂತು, ಬಂದ ಕಕ್ಷಿದಾರರಿಗೆಲ್ಲ ತನ್ನ ಕಥೆ ಹೇಳತೊಡಗಿದಳು. ಕೊನೆಗೆ ಬೇರೆ ದಾರಿಯಿಲ್ಲದೆ ಫೈಲು ಕೊಟ್ಟರು. ಅವಳು ಹೊಳೆನರಸೀಪುರದ ವಕೀಲರೊಬ್ಬರಿಂದ ಸರಿಯಾದ ನಿಯಮ ಹಾಕಿಸಿ ಅಪೀಲಿನಲ್ಲಿ ಗೆದ್ದಳು. ಬೀಗ ತೆಗೆಯುವಷ್ಟರಲ್ಲಿ ಗಿರಾಕಿಗಳು ಅಧ್ಯಕ್ಷನ ಭಾವಮೈದನ ಮಿಲ್ಲಿಗೆ ಒಗ್ಗಿಹೋಗಿದ್ದರು ಎಂದು ಕೇಳಿದೆ.

ಕೋರ್ಟಿನಿಂದ ವಾಪಸ್ ಬಂದ ಸಂಜೆಯೇ ನನ್ನ ಕೆಲಸ ಹೋಗಿತ್ತು. ತುಂಬಿದ ಕೋರ್ಟಿನಲ್ಲಿ ಸೀನಿಯರ್‌ಗೆ ಸುಳ್ಳು ಅಂದವಳನ್ನು ಹಾಸನದಲ್ಲಿ ಯಾರೂ ಸೇರಿಸಿಕೊಳ್ಳಲಿಲ್ಲ. ವಕೀಲರ ಸಂಘದಲ್ಲಿ ನಾನು ಕೂತರೆ ಪಕ್ಕದ ಕುರ್ಚಿ ಖಾಲಿಯಾಗುತ್ತಿತ್ತು. ಅರಕಲಗೂಡಿಗೆ ಹೋಗಿ ಒಂಟಿಯಾಗಿ ಬೋರ್ಡು ಹಾಕಿಕೊಂಡೆ.

ಎಷ್ಟೋ ವರ್ಷಗಳ ಮೇಲೆ ರುದ್ರಪಟ್ಟಣದ ಒಂದು ಮದುವೆಯಲ್ಲಿ ಅವರು ಸಿಕ್ಕರು. ಕೋಲು ಹಿಡಿದಿದ್ದರು. ಎಲ್ಲರೆದುರು ನನ್ನ ತಲೆ ಸವರಲು ಬಂದರು.

“ನಮ್ಮ ಶಿಷ್ಯೆ ಇವಳು. ಇನ್ನೂ ಕೋಪಾನೇನಮ್ಮ?”

“ಹೌದು ಸರ್,” ಎಂದೆ. ಪಂಕ್ತಿಯಲ್ಲಿ ಅವರಿಂದ ದೂರ ಹೋಗಿ ಕೂತೆ.