ಉತ್ತರ ಬಾರದೆ ಹೊರಡದ ದೋಣಿ

ಬೆಳಗಿನ ಐದೂವರೆ. ಅಕ್ಕಲಕೋಟ ತಾಲೂಕಿನ ಸಣ್ಣದೊಂದು ಕೆರೆಯ ದಂಡೆಯಲ್ಲಿ ಅರವತ್ತೆರಡರ ಶಾಂತಲಿಂಗಪ್ಪ ಕಲ್ಲೊಂದನ್ನು ತಬ್ಬಿಕೊಂಡು ನಡೆಯುತ್ತಿದ್ದಾರೆ. ಕಲ್ಲು ನಲವತ್ತು ಕಿಲೋಗೆ ಕಡಿಮೆಯಿಲ್ಲ. ಅದನ್ನು ದೋಣಿಯ ಮುಂದಿನ ಹಲಗೆಗೆ ಏರಿಸುತ್ತಾರೆ. ಆಮೇಲೆ ಎಂಟು ಬಲೆ, ಹುಟ್ಟು, ಬುತ್ತಿಯ ಗಂಟು.

“ಮುಂದ ವಜ್ಜಿ ಇರಲಿಲ್ಲಂದ್ರ ಹೋಡಿ ಮೂತಿ ಎತ್ತತದ್ರಿ. ಅಲ್ಲಿ ನಮ್ಮ ಮರೆಪ್ಪ ಕೂಡತಿದ್ದ,” ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ. ಅವರ ಮಾತಿನಲ್ಲಿ ವಜ್ಜಿ ಎಂದರೆ ಭಾರ, ಹೋಡಿ ಎಂದರೆ ದೋಣಿ.

ಹತ್ತೊಂಬತ್ತು ವರ್ಷ ಇಬ್ಬರದೂ ಒಂದೇ ದೋಣಿ. ಹತ್ತು ತಿಂಗಳ ಹಿಂದೆ ಮರೆಪ್ಪ ಜ್ವರದಲ್ಲಿ ತೀರಿಕೊಂಡರು.

ಶಾಂತಲಿಂಗಪ್ಪನವರದು ಮೀನು ಮುಟ್ಟದ ಒಕ್ಕಲುತನದ ಮನೆ. ಪಾಲಿಗೆ ಬಂದ ಮೂರು ಎಕರೆ ಹೊಲ ಕೆರೆಯ ಹಿನ್ನೀರಿನಲ್ಲಿ ಮುಳುಗಿದಾಗ ಬಲೆ ಹಿಡಿಯಲು ಕಲಿಸಿದವರು ಮರೆಪ್ಪ. ಮೀನಿನ ರುಚಿಯನ್ನು ಇವರು ಇವತ್ತಿಗೂ ಕಂಡಿಲ್ಲ. ದಿನಕ್ಕೆ ಹತ್ತು ಹನ್ನೆರಡು ಕಿಲೋ ಹಿಡಿದು ಟೆಂಪೊಗೆ ಹಾಕಿ, ಕೆರೆಯಲ್ಲೇ ಮಿಂದು ಮನೆಗೆ ಹೋದರೆ, ಹೆಂಡತಿ ಇಂದುಬಾಯಿ ಅಂಗಳದಲ್ಲಿ ಇನ್ನೊಂದು ಕೊಡ ನೀರು ಇಟ್ಟಿರುತ್ತಾರೆ. ಊರವರು ಜಗಳಕ್ಕೇನೂ ಬರುವುದಿಲ್ಲ. ಕಟ್ಟೆಯ ಮೇಲೆ ಇವರು ಕೂತರೆ ತುಸು ಸರಿದು ಕೂರುತ್ತಾರೆ, ಅಷ್ಟೇ. ಅಷ್ಟೇ ಎಂದು ಬರೆಯುವುದು ನನಗೆ ಸುಲಭ.

ದೋಣಿ ಇಳಿಸಲು ಇಬ್ಬರಿಗೂ ಒಂದು ಕಟ್ಟಳೆ ಇತ್ತು. ಒಬ್ಬ ಮೊಣಕಾಲುಮಟ್ಟ ನೀರಲ್ಲಿ ನಿಂತು ದೋಣಿಯ ಹಿಂಬದಿ ಹಿಡಿದು “ಕುಂತೀಯೇನು?” ಎಂದು ಕೇಳಬೇಕು. ಒಳಗಿದ್ದವನು “ಕುಂತೀನಿ, ನೂಕು” ಎನ್ನುವ ತನಕ ನೂಕುವಂತಿಲ್ಲ. ಹಿಂದೆ ಯಾರೋ ಕೇಳದೆ ನೂಕಿ, ಜೊತೆಗಾರ ಬಲೆಯೊಳಗೇ ಬಿದ್ದಿದ್ದನಂತೆ.

“ಮರೆಪ್ಪ ಹ್ವಾದ ಮೂರನೇ ದಿನ ಬಂದೆ. ರೂಢಿ ನೋಡ್ರಿ, ಕುಂತೀಯೇನು ಅಂದೆ. ಉತ್ತರ ಬರಲಿ ಅಂತ ಹಂಗೇ ಹಿಡಕೊಂಡು ನಿಂತೆ. ಬೆನ್ನಿಗೆ ಬಿಸಲು ಚುರುಗುಟ್ಟಿದ ಮ್ಯಾಲ ಖಬರ ಬಂತು.”

ಈಗ ಆ ಒಂಟಿತನಕ್ಕೂ ಗಡುವು ಬಿದ್ದಿದೆ. ದೋಣಿ ಮೀನುಗಾರರ ಸೊಸೈಟಿಯದು. ಒಬ್ಬರೇ ನೀರಿಗಿಳಿಯುವಂತಿಲ್ಲ ಎಂಬುದು ಅವರ ಹೊಸ ನಿಯಮ. ಸೋಮವಾರದೊಳಗೆ ಜೋಡಿ ಸಿಗದಿದ್ದರೆ ದೋಣಿ ಒಪ್ಪಿಸಬೇಕು. ಸೊಸೈಟಿಯ ಉಳಿದವರಿಗೆಲ್ಲ ಆಗಲೇ ಜೋಡಿ ಇದೆ. ಮರೆಪ್ಪನ ಮಕ್ಕಳು ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದಾರೆ. ಒಡಹುಟ್ಟಿದ ತಮ್ಮ ಕಲ್ಯಾಣಪ್ಪನನ್ನೂ ಕೇಳಿದ್ದಾಯಿತು.

“‘ಅಣ್ಣಾ, ಜೀವಾ ಬೇಡು, ಕೊಡ್ತೀನಿ. ಮೀನಿನ ಹೋಡಿ ಮಾತ್ರ ಹತ್ತಂತ ಅನಬ್ಯಾಡ’ ಅಂದ. ಅವಂದೂ ತಪ್ಪಲ್ಲರಿ. ಮಕ್ಕಳ ಲಗ್ನದ ಸೋಯರಿಕಿ ನಡದದ ಅವನ ಮನ್ಯಾಗ.”

ಇವತ್ತೊಂದು ದಿನ ನಾನು ಬರಲೇ ಎಂದೆ. ಈಜು ಬಾರದವನ ಶೌರ್ಯ. ಅವರು ನಕ್ಕು ಕಲ್ಲನ್ನು ಇಳಿಸಿ, ಹಲಗೆ ಒರೆಸಿದರು. ನಾನು ಕೂತೆ. ಹಿಂದೆ ನೀರಿನ ಸಪ್ಪಳ ನಿಂತಿತು.

“ಕುಂತೀರೇನ್ರಿ?”

ನಾನು ಸುಮ್ಮನೆ ತಲೆಯಾಡಿಸಿದೆ. ದೋಣಿ ಅಲುಗಲಿಲ್ಲ. ತಡವಾಗಿ ಹೊಳೆಯಿತು.

“ಕುಂತೀನ್ರಿ, ನೂಕ್ರಿ.”

ದೋಣಿ ಜಾರಿತು. ಅವರು ಹತ್ತಿ ಕೂತು, ಕೆರೆಯ ನಡುವಿನ ತನಕ ಹುಟ್ಟು ಹಾಕಿದರು.

“ನಿಮ್ಮ ಪೇಪರದಾಗ ಇಷ್ಟು ಬರೀರಿ,” ಎಂದರು ಕೊನೆಗೆ. “ಈಜು ಬರದಿದ್ರೂ ನಡೀತದ. ಮೀನ ಮುಟ್ಟೂದೂ ಬ್ಯಾಡ, ಅದನ್ನ ನಾ ಮುಟ್ತೀನಿ. ಕೇಳಿದಾಗ ಕುಂತೀನಿ ಅಂತ ಅಂದ್ರ ಸಾಕು.”